ಮಗಳು ಕೇಳಿದ ಒಂದೇ ಮಾತು

ಕೇಕಮ್ಮ ಮದುವೆ ಕೇಕಿನ ಎರಡನೇ ಅಂತಸ್ತಿಗೆ ಕ್ರೀಮು ಬಳಿಯುತ್ತಿದ್ದಾಗ ಮಗಳು ಹಿಂಬಾಗಿಲಿನಿಂದ ಒಳಗೆ ಬಂದಳು. ಅಮ್ಮನ ಮುಖ ನೋಡಲಿಲ್ಲ, ಅಜ್ಜಿಯ ಮುಖ ನೋಡಲಿಲ್ಲ, ನೆಟ್ಟಗೆ ಸಿಂಕಿನ ಹತ್ತಿರ ಹೋಗಿ ಕಕ್ಕಿದಳು. ಕ್ರೀಮು ಹಿಂಡುವ ಮೂತಿಗಳನ್ನೆಲ್ಲ ತೊಳೆದು ನೀರು ಸೋರಲಿ ಅಂತ ಅದೇ ಸಿಂಕಿನಲ್ಲಿ ಇಟ್ಟಿತ್ತು.

ಕೇಕಮ್ಮನಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ವಾಸನೆ ಬಂತು.

ಬೀದಿಯವರೆಲ್ಲ ಅವಳನ್ನು ಕರೆಯುವುದೇ ಕೇಕಮ್ಮ ಅಂತ. ಮನೆಯ ಅಡುಗೆಕೋಣೆಯನ್ನೇ ಬೇಕರಿ ಮಾಡಿಕೊಂಡು, ಹುಟ್ಟುಹಬ್ಬವಿರಲಿ ಮದುವೆಯಿರಲಿ, ಕೇಳಿದವರಿಗೆ ಕೇಳಿದ ಕೇಕು ಮಾಡಿ, ಹಳೇ ವ್ಯಾನಿನಲ್ಲಿ ತಾನೇ ಹಾಕಿಕೊಂಡು ಹೋಗಿ ಕೊಟ್ಟುಬರುತ್ತಿದ್ದಳು. ಗಂಡ ಸಿಟಿ ಬಸ್ಸಿನ ಡ್ರೈವರು. ಮನೆಯಲ್ಲಿ ಅತ್ತೆ ಇದ್ದರು. ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಚುರುಕು. ಇರುವ ಒಬ್ಬಳೇ ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಹುಟ್ಟಿದಾಗ ಅಂಗೈಯಗಲ ಇದ್ದಳು ಅಂತ ಅಜ್ಜಿ ಗುಬ್ಬಿ ಎಂದು ಕರೆದದ್ದು, ಅಮ್ಮನಿಗಿಂತ ಗೇಣುದ್ದ ಬೆಳೆದ ಮೇಲೂ ಗುಬ್ಬಿಯಾಗಿಯೇ ಉಳಿದಿತ್ತು.

"ಏನೇ ಇದು?"

"ಏನಿಲ್ಲಮ್ಮ. ಫ್ರೆಂಡ್ ಹುಟ್ಟುಹಬ್ಬದ ಊಟ. ಏನೋ ಒಗ್ಗಲಿಲ್ಲ."

"ಬಾ ಇಲ್ಲಿ. ಊದು."

"ಅಮ್ಮಾ..."

"ಊದು ಅಂದೆ!"

ಗುಬ್ಬಿ ಊದಿದಳು. ಬೀರಿನ ವಾಸನೆ, ಅದನ್ನು ಮುಚ್ಚಲು ಹೋಗಿ ಸೋತ ಪೆಪ್ಪರಮಿಂಟಿನ ವಾಸನೆ.

"ಪಾಪ, ಮಗುವಿಗೆ ಹೊಟ್ಟೆ ಕೆಟ್ಟಿದೆ," ಅಂದರು ಅತ್ತೆ ಕುರ್ಚಿಯಿಂದಲೇ. "ಒಂದು ಲೋಟ ಬಿಸಿನೀರು ಕೊಡೇ."

"ಹೊಟ್ಟೆ ಕೆಟ್ಟಿಲ್ಲ ಅತ್ತೆ. ಬುದ್ಧಿ ಕೆಟ್ಟಿದೆ."

ಅಲ್ಲಿಂದ ಶುರುವಾಯಿತು. ಕೇಕಮ್ಮ ಒಂದು ಕೈಯಲ್ಲಿ ಕ್ರೀಮಿನ ಚೀಲ ಹಿಡಿದುಕೊಂಡೇ ಕೂಗಾಡಿದಳು. ಮದುವೆಮನೆಗೆ ಹೊರಡುವ ಹೊತ್ತು ಹತ್ತಿರ ಬರುತ್ತಿತ್ತು. ಬೈಯುತ್ತ ಬೈಯುತ್ತಲೇ ಕೇಕಿನ ಅಂಚಿಗೆ ಹೂ ಬಿಡಿಸಿದಳು. ಸಿಟ್ಟಿನಲ್ಲಿ ಹಿಂಡಿದ್ದಕ್ಕೆ ಹೂವೆಲ್ಲ ಎಲೆಕೋಸಿನಂತಾದವು. ಅದನ್ನು ನೋಡಿ ಇನ್ನೂ ರೇಗಿತು.

"ಕೇಳಿಲ್ಲಿ. ಇನ್ನೊಂದು ಸಲ ಕುಡಿದೆ ಅಂದ್ರೆ ಈ ಮನೆ ಬಾಗಿಲು ತುಳೀಬೇಡ. ಫೋನೂ ಮಾಡ್ಬೇಡ. ಎಲ್ಲಿ ಬಿದ್ದಿರ್ತೀಯೋ ಅಲ್ಲೇ ಬಿದ್ದಿರು. ತಿಳೀತಾ?"

"ತಿಳೀತು."

"ಏನು ತಿಳೀತು?"

"ಬಾಗಿಲು ತುಳೀಬಾರ್ದು. ಫೋನ್ ಮಾಡ್ಬಾರ್ದು," ಅಂದಳು ಗುಬ್ಬಿ. ಬಾಯಿ ಒರೆಸಿಕೊಂಡು, ಮೂತಿಗಳನ್ನು ಒಂದೊಂದಾಗಿ ಮತ್ತೆ ತೊಳೆಯಲು ನಿಂತಳು.

ಸಂಜೆ ಗಂಡ ಬಂದು ಶೂ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ. "ಕುಡಿಯೋಕೆ ಮುಂಚೆ ಏನಾದ್ರೂ ತಿಂದಿದ್ಲಾ?"

"ಇದೆಂಥ ಪ್ರಶ್ನೆ ರೀ? ಊಟ ಮಾಡಿ ಕುಡಿದಿದ್ರೆ ಪರವಾಗಿಲ್ವಾ?"

"ಪರವಾಗಿಲ್ಲ ಅಂತ ನಾನೆಲ್ಲಿ ಅಂದೆ? ಕೇಳಿದೆ ಅಷ್ಟೆ."

"ನೀವು ಬರೀ ಕೇಳ್ತಾನೇ ಇರಿ. ಬೈಯೋ ಕೆಲಸವೆಲ್ಲ ನನ್ನ ತಲೆಗೆ!"

ಅಂದಿನಿಂದ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಕಾಲೇಜಿಂದ ಬಂದ ಗುಬ್ಬಿ ಬಾಗಿಲಲ್ಲೇ ನಿಲ್ಲಬೇಕು, ಊದಬೇಕು, ಆಮೇಲೆ ಒಳಗೆ. ಕೇಕಮ್ಮ ಮೈದಾ ಮೆತ್ತಿದ ಕೈ ಹಿಂದೆ ಕಟ್ಟಿಕೊಂಡು, ಮೂಗು ಮುಂದೆ ಚಾಚಿ ನಿಲ್ಲುತ್ತಿದ್ದಳು. ಗಂಡನ ಡಿಪೋದಲ್ಲೂ ಇದೇ ಪದ್ಧತಿ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಪ್ರತಿಯೊಬ್ಬ ಡ್ರೈವರೂ ಮಿಷನ್ನಿಗೆ ಬಾಯಿಟ್ಟು ಊದಬೇಕು.

"ಅಲ್ಲಿಯಾದ್ರೂ ಮಿಷನ್ನು ಬೈಯಲ್ಲ," ಅಂದ ಗಂಡ ಒಂದು ದಿನ. ಆ ರಾತ್ರಿ ಅವನ ತಟ್ಟೆಗೆ ಮೊಟ್ಟೆ ಬೀಳಲಿಲ್ಲ, ಬರೀ ಬೇಯಿಸಿದ ಆಲೂಗಡ್ಡೆ ಬಿತ್ತು.

ಶಿಕ್ಷೆಯೆಂದು ಗುಬ್ಬಿಯ ಪಾಲಿಗೆ ಟ್ರೇ ಉಜ್ಜುವ ಕೆಲಸ ಬಂತು. ಅಂಚಿನಲ್ಲಿ ಸುಟ್ಟು ಕರಿಕಟ್ಟಿದ ಸಕ್ಕರೆ ಸುಲಭಕ್ಕೆ ಬಿಡುವಂಥದ್ದಲ್ಲ. ಗುಬ್ಬಿ ತುಟಿಪಿಟಕ್ಕೆನ್ನದೆ ಉಜ್ಜುತ್ತಿದ್ದಳು. ಆ ಮೌನವೇ ಕೇಕಮ್ಮನ ನೆತ್ತಿಗೆ ಹತ್ತುತ್ತಿತ್ತು. ಎದುರು ಮಾತಾಡಿದ್ದರೆ ಎರಡು ಬಿಗಿಯಬಹುದಿತ್ತು. ಸುಮ್ಮನಿರುವವಳಿಗೆ ಏನು ಮಾಡುವುದು?

ಒಂದು ದಿನ ಊಟಕ್ಕೆ ಕೂತಾಗ ಗುಬ್ಬಿಯೇ ಬಾಯಿ ಬಿಟ್ಟಳು.

"ಇವತ್ತು ಕಾಲೇಜಲ್ಲಿ ಡಾಕ್ಟರೊಬ್ರು ಬಂದು ಮಾತಾಡಿದ್ರು. ಕುಡಿಯೋದರ ಬಗ್ಗೆ."

"ಒಳ್ಳೇದಾಯ್ತು. ಕುಡೀಬೇಡಿ ಅಂದ್ರು ತಾನೆ?"

"ಅದೂ ಅಂದ್ರು. ಕುಡಿದೇ ಕುಡಿಯೋರು ಖಾಲಿ ಹೊಟ್ಟೇಲಿ ಕುಡೀಬೇಡಿ, ನಡುನಡುವೆ ನೀರು ಕುಡೀರಿ, ಬೇರೆಯವರು ಬೆರೆಸಿಟ್ಟಿದ್ದನ್ನ ಮುಟ್ಟಬೇಡಿ, ನಿಮ್ಮ ಲೋಟ ಬಿಟ್ಟು ಹೋಗ್ಬೇಡಿ, ಗುಂಪಲ್ಲಿ ಒಬ್ಬರಾದ್ರೂ ಕುಡೀದೆ ಇರಿ ಅಂದ್ರು. ಯಾರಾದ್ರೂ ಎಚ್ಚರ ತಪ್ಪಿದ್ರೆ..."

ಕೇಕಮ್ಮ ಬಡಿಸುವ ಚಮಚ ಕೆಳಗಿಟ್ಟಳು. "ಏನಂದೆ? ಫೀಸು ಕಟ್ಟಿಸ್ಕೊಂಡು ಕುಡಿಯೋದು ಹೇಗೆ ಅಂತ ಪಾಠ ಮಾಡ್ತಾರಾ?"

"ಹೇಗೆ ಕುಡಿಯೋದು ಅಂತಲ್ಲಮ್ಮ. ಸಾಯದೆ ಇರೋದು ಹೇಗೆ ಅಂತ."

"ಊಟದ ಹೊತ್ತಲ್ಲಿ ಸಾಯೋ ಮಾತೇನು?" ಅಂದರು ಅತ್ತೆ. ಆ ಒಂದು ಪದ ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತ್ತು.

"ನೀನು ಕುಡೀಬೇಡ ಅಂತ ದಿನಾ ಹೇಳ್ತೀಯ," ಅಂದಳು ಗುಬ್ಬಿ. "ಅಕಸ್ಮಾತ್ ಯಾರಾದ್ರೂ ಕುಡಿದು ಏನಾದ್ರೂ ಆದ್ರೆ ಏನು ಮಾಡ್ಬೇಕು ಅಂತ ಒಂದು ಸಲನಾದ್ರೂ ಹೇಳಿದೀಯಾ?"

"ಹೇಳಿದೀನಲ್ಲ! ಬಾಗಿಲು ತುಳೀಬೇಡ ಅಂತ!"

ಗಂಡ ತಲೆ ಎತ್ತಿ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ಮತ್ತೆ ತಟ್ಟೆಯಲ್ಲಿದ್ದ ಆಲೂಗಡ್ಡೆ ನೋಡಿದ.

ಮಾರನೆಯ ದಿನ ಕೇಕಮ್ಮ ಕಾಲೇಜಿಗೆ ಫೋನು ಮಾಡಿ, ಆ ಡಾಕ್ಟರನ್ನು ಕರೆಸಿದ್ದ ಮೇಡಮ್ಮನ್ನು ಹಿಡಿದು ತರಾಟೆಗೆ ತಗೊಂಡಳು. ಮೇಡಂ ತಾಳ್ಮೆಯಿಂದ, "ಹೋದ ವರ್ಷ ನಮ್ಮ ಹುಡುಗ ಒಬ್ಬ ಕುಡಿದು ತೀರ್ಕೊಂಡ. ಮಲಗಿದ್ದಾನೆ, ನಿದ್ದೆ ಮಾಡ್ಲಿ ಅಂತ ಫ್ರೆಂಡ್ಸು ಬಾಗಿಲು ಮುಚ್ಕೊಂಡು ಬಂದಿದ್ರು. ಮನೆಯವರಿಗೆ ತಿಳಿಸೋಕೆ ಹೆದರಿದ್ರು," ಅಂದರು.

"ಅಂಥ ಮಕ್ಕಳನ್ನ ಸೇರಿಸ್ಕೊಂಡಿದ್ದೇ ತಪ್ಪು," ಅಂದು ಕೇಕಮ್ಮ ಫೋನಿಟ್ಟಳು. ಇಟ್ಟಮೇಲೆ ಬಹಳ ಹೊತ್ತು ಬೆಣ್ಣೆ ಕಡೆಯುತ್ತಲೇ ಇದ್ದಳು. ಬೇಕಾದ್ದಕ್ಕಿಂತ ಹೆಚ್ಚು ಕಡೆದು ಅದು ನೀರು ಬಿಟ್ಟುಕೊಂಡಿತು.

ಪರೀಕ್ಷೆ ಮುಗಿಯಿತು. ಕ್ಲಾಸಿನವರೆಲ್ಲ ಸೇರಿ ಊರಾಚೆ ಕೆರೆ ಪಕ್ಕ ಒಂದು ಮನೆ ಬಾಡಿಗೆಗೆ ಹಿಡಿದು ಹಗಲು ಪಿಕ್ನಿಕ್ಕು ಮಾಡುತ್ತಾರಂತೆ. ಗುಬ್ಬಿ ಕೇಳಿದಳು. ಕೇಕಮ್ಮ ಬೇಡ ಅಂದಳು. ಗುಬ್ಬಿ ಸುಮ್ಮನೆ ಟ್ರೇ ಉಜ್ಜಿದಳು. ಅತ್ತೆ, "ಮಗು ಎಷ್ಟೂಂತ ಉಜ್ಜುತ್ತೆ, ಕೈ ನೋಡು," ಅಂದರು. ಗಂಡ, "ಲಂಬು ಬರ್ತಾಳಲ್ಲ ಜೊತೆಗೆ," ಅಂದ.

ಲಂಬು ಗುಬ್ಬಿಯ ಜೀವದ ಗೆಳತಿ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ದನಿ ಮಾತ್ರ ಇಲಿಮರಿಯದ್ದು. ಅವಳ ಅಮ್ಮ ಬ್ಯಾಂಕಿನಲ್ಲಿ ಮ್ಯಾನೇಜರು, ಬಲು ಕಟ್ಟುನಿಟ್ಟು. ಆಕೆಯೇ ಕಳಿಸುತ್ತಿದ್ದಾರೆ ಅಂದಮೇಲೆ ತಾನೊಬ್ಬಳು ಬೇಡ ಅನ್ನುವುದು ಹೇಗೆ ಅಂತ ಕೇಕಮ್ಮ ಕೊನೆಗೆ ಒಪ್ಪಿದಳು.

"ಬಂದ ಮೇಲೆ ಊದ್ತೀಯ," ಅಂದಳು.

"ಊದ್ತೀನಿ," ಅಂದಳು ಗುಬ್ಬಿ.

ಆದರೆ ಪಿಕ್ನಿಕ್ಕಿನ ದಿನ ಸಂಜೆ ಗುಬ್ಬಿ ಬರಲಿಲ್ಲ, ಮೆಸೇಜು ಬಂತು: ಲಂಬು ಮನೇಲಿ ಉಳ್ಕೊತೀನಿ, ಬೆಳಿಗ್ಗೆ ಬರ್ತೀನಿ. ಕೇಕಮ್ಮ ಗೊಣಗಿದಳು, ಮ್ಯಾನೇಜರಮ್ಮನ ಮನೆ ತಾನೆ ಅಂತ ಸಮಾಧಾನ ಮಾಡಿಕೊಂಡು, ಮರುದಿನದ ಆರ್ಡರಿಗೆ ಮೊಟ್ಟೆ ಎಣಿಸಿಟ್ಟು ಮಲಗಿದಳು.

ಬೆಳಿಗ್ಗೆ ಎರಡನೇ ಟ್ರೇ ಓವನ್ನಿಗೆ ಇಡುವಾಗ ಫೋನು ಹೊಡೆಯಿತು. ಗಂಡನ ಬಸ್ಸಿನ ಕಂಡಕ್ಟರು.

"ಅಕ್ಕ, ಗಾಬರಿ ಆಗ್ಬೇಡಿ. ಅಣ್ಣ ಬಸ್ಸನ್ನ ದೊಡ್ಡಾಸ್ಪತ್ರೆಗೆ ತಗೊಂಡು ಬಂದಿದಾರೆ."

"ಅವರಿಗೇನಾಯ್ತಪ್ಪ?"

"ಅವರಿಗೇನೂ ಆಗಿಲ್ಲ."

"ಆಕ್ಸಿಡೆಂಟಾ?"

"ಇಲ್ಲಕ್ಕ, ಬಸ್ಸಿಗೂ ಏನೂ ಆಗಿಲ್ಲ. ನಿಮ್ಮ ಮಗಳು..."

"ನನ್ನ ಮಗಳು ಫ್ರೆಂಡ್ ಮನೇಲಿದಾಳೆ."

"ಇಲ್ಲಕ್ಕ," ಅಂದ ಕಂಡಕ್ಟರು, ಇನ್ನೂ ಮೆತ್ತಗೆ. "ಬಸ್ ನಿಲ್ದಾಣದ ಬೆಂಚಿನ ಮೇಲಿದ್ರು. ಇಬ್ರೂ."

ಕೇಕಮ್ಮ ಏಪ್ರನ್ನಿನಲ್ಲೇ ವ್ಯಾನು ಹತ್ತಿದಳು. ಅತ್ತೆ ಬಾಗಿಲವರೆಗೆ ಓಡಿ ಬಂದು, "ಓವನ್ನು!" ಅಂತ ಕೂಗಿದರು. "ಸುಡ್ಲಿ ಬಿಡಿ!" ಅಂತ ಇವಳೂ ಕೂಗಿದಳು.

ನಡೆದದ್ದಿಷ್ಟು. ಆ ಬಾಡಿಗೆ ಮನೆಯಲ್ಲಿ ಹುಡುಗರು ಬಕೆಟ್ಟಿನಲ್ಲಿ ಹಣ್ಣಿನ ರಸ ಕಲಸಿಟ್ಟಿದ್ದರು. ಅದಕ್ಕೆ ಯಾವ ಬಾಟಲಿ ಎಷ್ಟು ಸುರಿದಿದ್ದರೋ ಸುರಿದವರಿಗೇ ಗೊತ್ತಿರಲಿಲ್ಲ. ಸಿಹಿಯಾಗಿತ್ತು, ಸಲೀಸಾಗಿ ಒಳಗೆ ಹೋಗುತ್ತಿತ್ತು. ಗುಬ್ಬಿ ಅರ್ಧ ಲೋಟ ಕುಡಿದು ನಾಲಿಗೆಗೆ ಅನುಮಾನ ಬಂದು ಚೆಲ್ಲಿದಳು. ಲಂಬು ತೆಳ್ಳಗಾಗಬೇಕೆಂದು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬಾಯಾರಿಕೆಗೆ ಕುಡಿದಂತೆ ಕುಡಿದಳು. ವಾಪಸು ಬರುವಾಗ ಅವಳ ಕಾಲು ನಿಲ್ಲುತ್ತಿರಲಿಲ್ಲ. ಲಂಬುವಿನ ಮನೆಗೆ ಹೋಗುವಂತಿರಲಿಲ್ಲ. ಕುಡಿದು ಬಂದರೆ ಕಾಲೇಜು ಬಿಡಿಸುತ್ತೇನೆ ಅಂತ ಅವಳಮ್ಮ ಹೇಳಿದ್ದರು. ಗುಬ್ಬಿಯ ಮನೆಗೂ ಹೋಗುವಂತಿರಲಿಲ್ಲ, ಬಾಗಿಲಲ್ಲಿ ಊದಬೇಕಿತ್ತು. ಇಬ್ಬರೂ ತಂತಮ್ಮ ಮನೆಗೆ, ಇನ್ನೊಬ್ಬಳ ಮನೆಯಲ್ಲಿ ಉಳಿಯುತ್ತೇನೆ ಅಂತ ಒಂದೇ ಸುಳ್ಳು ಕಳಿಸಿದರು. ಗೆಳೆಯರು ಬಸ್ ನಿಲ್ದಾಣದಲ್ಲಿ ಇಳಿಸಿ, ಹುಷಾರು ಅಂತ ಹೇಳಿ ಹೊರಟುಹೋದರು. ಅಪ್ಪನ ಬೆಳಗಿನ ಮೊದಲ ಟ್ರಿಪ್ಪು ಅಲ್ಲಿಂದಲೇ ಹೊರಡುವುದು ಅಂತ ಗುಬ್ಬಿಗೆ ಗೊತ್ತಿತ್ತು. ಹೆಂಗಸರ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಗೆಳತಿಯ ತಲೆ ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಅಪ್ಪನ ಬಸ್ಸಿಗೆ ಕಾದಳು. ಲಂಬು ವಾಂತಿ ಮಾಡಿಕೊಂಡಾಗಲೆಲ್ಲ ಮಗ್ಗುಲಿಗೆ ಹೊರಳಿಸಿ ಹಿಡಿದಳು. ಬೆಳಗಾಗುವಷ್ಟರಲ್ಲಿ ಲಂಬುವಿನ ಕೈ ಹಿಮದಂತೆ ತಣ್ಣಗಾಗಿತ್ತು; ಅಲುಗಿಸಿದರೂ ಕಣ್ಣು ಬಿಡುತ್ತಿರಲಿಲ್ಲ.

ಅಪ್ಪ ನಿಲ್ದಾಣಕ್ಕೆ ಬಂದವನು ಇವರನ್ನು ನೋಡಿದ. ಒಂದೂ ಪ್ರಶ್ನೆ ಕೇಳಲಿಲ್ಲ. ಲಂಬುವನ್ನು ಎತ್ತಿ ಬಸ್ಸಿನಲ್ಲಿ ಮಲಗಿಸಿ, ಕೂತಿದ್ದ ನಾಲ್ಕಾರು ಪ್ರಯಾಣಿಕರ ಸಮೇತ ಆಸ್ಪತ್ರೆಗೆ ಬಸ್ಸು ಹೊಡೆದ. ಒಬ್ಬ ಆಫೀಸಿಗೆ ಹೊತ್ತಾಯಿತು ಅಂತ ಹಾರಾಡಿದನಂತೆ. ಒಬ್ಬಾಕೆ ತನ್ನ ಶಾಲು ತೆಗೆದು ಹುಡುಗಿಗೆ ಹೊದಿಸಿ, ಅದನ್ನು ಅಲ್ಲೇ ಬಿಟ್ಟು ಹೋದಳಂತೆ.

ಕೇಕಮ್ಮ ಹೋದಾಗ ಆಸ್ಪತ್ರೆಯ ಗೇಟಿಗಡ್ಡ ಸಿಟಿ ಬಸ್ಸು ನಿಂತಿತ್ತು. ಕಂಡಕ್ಟರು ವಾಚ್‌ಮನ್ನಿಗೆ ಏನೋ ಸಮಜಾಯಿಷಿ ಹೇಳುತ್ತಿದ್ದ. ಒಳಗೆ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ಬಟ್ಟೆಯೆಲ್ಲ ಗಲೀಜು, ಕಣ್ಣು ಊದಿತ್ತು. ಅಮ್ಮನನ್ನು ನೋಡಿ ಎದ್ದು ನಿಂತಳು, ಹತ್ತಿರ ಬರಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದರು. ರಾತ್ರಿಯೆಲ್ಲ ಡ್ಯೂಟಿ ಮಾಡಿದ ಮುಖ.

"ಡ್ರಿಪ್ ಹಾಕಿದೀವಿ. ಮೈ ಬಿಸಿಯಾಗ್ತಿದೆ, ಈಗ ಕರೆದ್ರೆ ಕಣ್ಣು ಬಿಡ್ತಾಳೆ. ಮಗ್ಗುಲಿಗೆ ಹಿಡ್ಕೊಂಡಿದ್ದಕ್ಕೆ ಉಸಿರಿಗೆ ತೊಂದರೆ ಆಗಿಲ್ಲ. ಆದ್ರೆ ನಿನ್ನೇನೇ ಕರ್ಕೊಂಡು ಬರ್ಬೇಕಿತ್ತು. ಇದು ಮಲಗಿದ್ರೆ ಇಳಿಯೋ ಅಮಲಲ್ಲ." ಅವರು ಗುಬ್ಬಿಯ ಕಡೆ ತಿರುಗಿದರು. "ಕೈಯಲ್ಲಿ ಫೋನಿತ್ತಲ್ಲಮ್ಮ, ಆಂಬ್ಯುಲೆನ್ಸ್ ಕರೀಬಾರ್ದಿತ್ತಾ? ಮನೆಯವರಿಗಾದ್ರೂ ಯಾಕೆ ಹೇಳ್ಲಿಲ್ಲ?"

ಗುಬ್ಬಿ ನೆಲ ನೋಡಿದಳು. "ಆಂಬ್ಯುಲೆನ್ಸ್ ಕರೆದ್ರೆ ಮನೆಗೆ ಗೊತ್ತಾಗುತ್ತೆ ಅಂತ. ನಿದ್ದೆ ಮಾಡಿದ್ರೆ ಸರಿಹೋಗ್ತಾಳೆ ಅನ್ಕೊಂಡೆ. ಮನೆಗೆ... ಅಮ್ಮ ಫೋನ್ ಮಾಡ್ಬೇಡ ಅಂದಿದ್ರು."

ಡಾಕ್ಟರು ಕೇಕಮ್ಮನನ್ನು ಒಮ್ಮೆ ನೋಡಿ ಒಳಗೆ ಹೋದರು.

"ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದೀನಿ!" ಅಂತ ಕೇಕಮ್ಮ ಕೂಗಿದಳು. "ಹಾಸಿಗೆ ಮಡಚು ಅಂದೆ, ಕೇಳಿದ್ಯಾ? ಒದ್ದೆ ಟವೆಲ್ಲು ಮಂಚದ ಮೇಲೆ ಹಾಕ್ಬೇಡ ಅಂದೆ, ಕೇಳಿದ್ಯಾ? ತಲೆಗೆ ಎಣ್ಣೆ ಹಚ್ಕೋ, ಲೈಟು ಆರಿಸು, ಗ್ಯಾಸ್ ಹತ್ರ ಫೋನಿಡಬೇಡ, ಒಂದಾದ್ರೂ ಕೇಳಿದ್ಯಾ? ಇದೊಂದು ಮಾತು ಕೇಳಿದ್ಯಲ್ಲೇ! ಹುಟ್ಟಿದಾಗಿಂದ ಇದೊಂದೇ ಮಾತು ಕೇಳಿದ್ದು ನೀನು!"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಬ್ಬಿ ಅಳಲು ಶುರು ಮಾಡಿದಳು. ಕೇಕಮ್ಮ ಏಪ್ರನ್ನಿನ ತುದಿಯಿಂದ ಮಗಳ ಮುಖ ಒರಟೊರಟಾಗಿ ಒರೆಸಿದಳು. ಏಪ್ರನ್ನಿನಲ್ಲಿದ್ದ ಮೈದಾ ಮುಖಕ್ಕೆಲ್ಲ ಮೆತ್ತಿಕೊಂಡಿತು.

ಅಷ್ಟರಲ್ಲಿ ಲಂಬುವಿನ ಅಮ್ಮ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಬಾಚದ ತಲೆ. ಮಗಳನ್ನು ಒಳಗೆ ನೋಡಿ ಹೊರಗೆ ಬಂದವರು ನೇರ ಗುಬ್ಬಿಯ ಮೇಲೆ ಹರಿಹಾಯ್ದರು.

"ನಿನ್ನ ಜೊತೆ ಸೇರಿಯೇ ನನ್ನ ಮಗಳು ಹಾಳಾಗಿದ್ದು! ಅವಳಿಗೆ ಕುಡಿಯೋದು ಅಂದ್ರೇನು ಅಂತಲೇ ಗೊತ್ತಿರಲಿಲ್ಲ!"

"ಅದೇ ತಾನೆ ತೊಂದರೆಯಾಗಿದ್ದು," ಅಂದ ಗಂಡ, ಗೋಡೆಗೊರಗಿ ನಿಂತಲ್ಲಿಂದ.

"ನೀವು ಸುಮ್ನಿರ್ರೀ," ಅಂದಳು ಕೇಕಮ್ಮ, ಮತ್ತು ಮ್ಯಾನೇಜರಮ್ಮನ ಕಡೆ ತಿರುಗಿದಳು. ಈಗಷ್ಟೇ ಮಗಳಿಗೆ ಮನಸಾರೆ ಬೈದಿದ್ದವಳು, ಬೇರೆಯವರು ಅದೇ ಕೆಲಸ ಮಾಡಿದ ಕೂಡಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಾಳು ಮಾಡಿದ್ದರೆ ಅಲ್ಲೇ ಬಿಟ್ಟು ಬರ್ತಿದ್ಲು. ಮಿಕ್ಕವರೆಲ್ಲ ಬಿಟ್ಟು ಹೋದ್ರು. ಇವಳು ನಿಮ್ಮ ಮಗಳನ್ನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ದಳು. ಅವಳ ಬಟ್ಟೆ ನೋಡಿ."

"ಮನೆಗೆ ಫೋನ್ ಮಾಡ್ಬಹುದಿತ್ತಲ್ಲ?"

"ಯಾರಿಗೆ, ನಿಮಗಾ?"

ಮ್ಯಾನೇಜರಮ್ಮ ಬೆಂಚಿನ ಮೇಲೆ ಕುಸಿದು ಕೂತರು. "ಕಾಲೇಜು ಬಿಡಿಸ್ತೀನಿ ಅಂದಿದ್ದೆ," ಅಂದರು, ಯಾರಿಗೂ ಅಲ್ಲದಂತೆ.

"ನಾನು ಬಾಗಿಲು ತುಳೀಬೇಡ ಅಂದಿದ್ದೆ," ಅಂದಳು ಕೇಕಮ್ಮ. ಅವರ ಪಕ್ಕ ಸ್ವಲ್ಪ ಜಾಗ ಬಿಟ್ಟು ತಾನೂ ಕೂತಳು. ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ.

ಲಂಬು ಎರಡು ದಿನಕ್ಕೆ ಮನೆಗೆ ಹೋದಳು. ಬಸ್ಸನ್ನು ರೂಟು ಬಿಟ್ಟು ಹೊಡೆದದ್ದಕ್ಕೆ ಗಂಡನಿಗೆ ಮೆಮೋ ಬಂತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕಾಯಿತು. ಇದು ಕೇಕಮ್ಮನಿಗೆ ಇನ್ನೊಂದು ತಲೆನೋವು. ಕೆಲಸವಿಲ್ಲದ ಗಂಡಸು ಅಡುಗೆಕೋಣೆಯಲ್ಲಿ ಕಾಲಿಗೆ ಕೈಗೆ ಸಿಗುತ್ತಿದ್ದ. ಓವನ್ನಿನ ಬಾಗಿಲು ಘಳಿಗೆಗೊಮ್ಮೆ ತೆರೆದು "ಆಯ್ತೇನೋ ನೋಡ್ತೀನಿ" ಅನ್ನುತ್ತಿದ್ದ. ತೆರೆದಾಗಲೆಲ್ಲ ಕೇಕು ನಡುವೆ ಕುಸಿಯುತ್ತಿತ್ತು.

"ಬಸ್ಸಿನ ಬಾಗಿಲಲ್ಲರೀ ಅದು, ಸ್ಟಾಪಿಗೊಂದ್ಸಲ ತೆರೆಯೋಕೆ!"

ಮನೆಯಲ್ಲಿ ದಿನಾ ಒಂದೇ ಜಗಳ. ಇನ್ನು ಮುಂದೆ ಏನು? ಕಾಲೇಜು, ಮನೆ, ಅಷ್ಟೇ, ಬೇರೆಲ್ಲೂ ಹೋಗುವಂತಿಲ್ಲ ಅಂತ ಕೇಕಮ್ಮ. ಎಷ್ಟು ದಿನ ಕಟ್ಟಿಹಾಕ್ತೀಯ ಅಂತ ಗಂಡ. ಈ ಮನೆಯಲ್ಲಿ ಯಾರೂ ತನಗೆ ಏನೂ ಹೇಳುವುದಿಲ್ಲ ಅಂತ ಅತ್ತೆ. ಹೇಳಿದರೆ, ಯಾಕೆ ಕೂಗ್ತೀರಿ ಅಂತಲೂ ಅವರೇ.

ಗುಬ್ಬಿ ಒಂದು ಸಂಜೆ ಟ್ರೇ ಒಣಗಿಸುತ್ತ ಹೇಳಿದಳು. "ಇನ್ನು ಕುಡಿಯಲ್ಲ ಅಂತ ಆಣೆ ಮಾಡು ಅಂದ್ರೆ ಮಾಡ್ತೀನಮ್ಮ. ಆದ್ರೆ ಹೋದ ಸಲವೂ ಮನಸ್ಸಲ್ಲೇ ಮಾಡಿದ್ದೆ."

"ಇದನ್ನ ನನ್ನೆದುರು ಹೇಳೋಕೆ ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಇಷ್ಟು ದಿನ ಹೇಳಿರಲಿಲ್ಲ."

ಕೇಕಮ್ಮ ಕೈಯಲ್ಲಿದ್ದ ಜರಡಿ ಬಡಿದಳು. ಮೈದಾ ಮೋಡದಂತೆ ಎದ್ದಿತು.

"ಕುಡೀಬಾರ್ದು," ಅಂದಳು ಆಮೇಲೆ. "ಅದು ಹಾಗೇ ಇರುತ್ತೆ. ನಾನು ಸಾಯೋವರೆಗೂ ಹೇಳ್ತೀನಿ. ಆದ್ರೆ ಕುಡಿದ್ರೆ ಫೋನ್ ಮಾಡ್ಬೇಕು. ನೀನು ಕುಡಿದ್ರೂ ಸರಿ, ಪಕ್ಕದವಳು ಕುಡಿದ್ರೂ ಸರಿ. ನಾನು ಬರ್ತೀನಿ."

"ಬಂದು ಕೂಗಾಡ್ತೀಯ."

"ಕೂಗಾಡದೆ ಏನು, ಹಾಡು ಹೇಳ್ಲಾ?"

ಗಂಡ ನಡುವೆ ಬಂದ. "ಆವತ್ತು ಬೇಡ. ಮನೆಗೆ ಕರ್ಕೊಂಡು ಬರೋವರೆಗೆ, ಮಲಗೋವರೆಗೆ ಒಂದು ಮಾತಿಲ್ಲ. ಬೈಯೋದು ಮಾರನೇ ದಿನ."

"ಮಾರನೇ ದಿನ ಎಷ್ಟೊತ್ತಿಗೆ?"

"ತಿಂಡಿ ಆದ್ಮೇಲೆ."

"ತಿಂಡಿಗೆ ಮುಂಚೆ," ಅಂದಳು ಕೇಕಮ್ಮ. "ತಿಂಡಿ ಆದ್ಮೇಲೆ ನನಗೆ ಆರ್ಡರಿರುತ್ತೆ."

ಗುಬ್ಬಿ ನಕ್ಕುಬಿಟ್ಟಳು. ಕೇಕಮ್ಮ ನಗಲಿಲ್ಲ, ಬಾಗಿಲಲ್ಲಿ ಊದಿಸುವುದನ್ನು ಮಾತ್ರ ಮಾರನೆಯ ದಿನದಿಂದ ಬಿಟ್ಟಳು. ಬಿಟ್ಟ ಮೇಲೆ ಮಗಳು ಒಳಗೆ ಬಂದಾಗಲೆಲ್ಲ ಮೂಗು ತಾನಾಗಿ ಮುಂದೆ ಹೋಗುತ್ತಿತ್ತು, ಅದನ್ನು ಹಿಡಿದಿಟ್ಟುಕೊಳ್ಳುವುದೇ ಒಂದು ಕೆಲಸವಾಯಿತು.

ವಿಚಾರಣೆಯಲ್ಲಿ ಎಚ್ಚರಿಕೆ ಕೊಟ್ಟು ಗಂಡನನ್ನು ಮತ್ತೆ ಡ್ಯೂಟಿಗೆ ಹಾಕಿದರು, ಬೇರೆ ರೂಟಿಗೆ. ಕೇಕುಗಳು ಕುಸಿಯುವುದು ನಿಂತಿತು. ಆವತ್ತು ಊಟದ ಹೊತ್ತಲ್ಲಿ ಅರ್ಧಕ್ಕೆ ನಿಂತಿದ್ದ ಡಾಕ್ಟರ ಪಾಠವನ್ನು ಕೇಕಮ್ಮ ಗುಬ್ಬಿಯಿಂದ ಕೊನೆಯವರೆಗೂ ಹೇಳಿಸಿಕೊಂಡಳು. ಕಾಲೇಜು ಮತ್ತೆ ಶುರುವಾಯಿತು. ಲಂಬು ಒಂದೆರಡು ಸಲ ಮನೆಗೆ ಬಂದಳು, ಕೇಕಮ್ಮನ ಮುಖ ನೋಡಲಾರದೆ ಬಾಗಿಲ ಮರೆಯಲ್ಲೇ ನಿಂತಳು. ಕೇಕಮ್ಮ ಅವಳ ಕೈಗೆ ಬ್ರೆಡ್ಡು ಬೆಣ್ಣೆ ಇಟ್ಟು, "ಮೊದ್ಲು ತಿನ್ನು. ನೀನು ತಿನ್ನೋದನ್ನ ನಾನು ನೋಡ್ಬೇಕು," ಅಂದು, ಕೊನೆಯ ಚೂರು ಮುಗಿಯುವವರೆಗೆ ಎದುರೇ ನಿಂತಳು. ಮ್ಯಾನೇಜರಮ್ಮ ಬ್ಯಾಂಕಿನ ಯಾವುದೋ ಸಮಾರಂಭಕ್ಕೆಂದು ದೊಡ್ಡ ಕೇಕು ಹೇಳಿ ಕಳಿಸಿದರು. ತೊಗೊಂಡು ಹೋಗಲು ತಾವೇ ಬಂದರು. ಕೇಕಿನ ಬಗ್ಗೆ ಮಾತ್ರ ಮಾತಾಡಿದರು. ಹೋಗುವಾಗ ಗುಬ್ಬಿಯ ತಲೆ ಮೇಲೆ ಒಮ್ಮೆ ಕೈಯಿಟ್ಟು ಹೋದರು.

ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ. ಸಂಜೆ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಒಂದು ಹುಟ್ಟುಹಬ್ಬದ ಕೇಕು ಓವನ್ನಿನಲ್ಲಿ ಆಗಷ್ಟೇ ಉಬ್ಬಲು ಶುರುವಾಗಿತ್ತು. ಅತ್ತೆ ಬಟಾಣಿ ಬಿಡಿಸುತ್ತಿದ್ದರು, ಗಂಡ ಯೂನಿಫಾರ್ಮಿನ ಗುಂಡಿ ಹೊಲಿದುಕೊಳ್ಳುತ್ತಿದ್ದ. ಫೋನು ಹೊಡೆಯಿತು. ಗೊತ್ತಿಲ್ಲದ ನಂಬರು.

"ಆಂಟಿ?" ಹುಡುಗನೊಬ್ಬನ ದನಿ, ನಡುಗುತ್ತಿತ್ತು. "ಕೇಕ್ ಆಂಟೀನಾ?"

"ಹೌದು. ಆರ್ಡರಾ? ಈ ವಾರ ಆಗಲ್ಲಪ್ಪ."

"ಆರ್ಡರಲ್ಲ ಆಂಟಿ. ನಾನ್ಯಾರು ಅಂತ ನಿಮಗೆ ಗೊತ್ತಿಲ್ಲ. ನನ್ನ ರೂಮಿನವನು ತುಂಬಾ ಕುಡ್ದುಬಿಟ್ಟಿದಾನೆ. ಏನಾದ್ರೂ ಆದ್ರೆ ನಿಮಗೆ ಫೋನ್ ಮಾಡಿ, ನೀವು ಬೈಯಲ್ಲ ಅಂತ..."

"ಯಾರು ಹೇಳಿದ್ದು ನಾನು ಬೈಯಲ್ಲ ಅಂತ?"

"ಗುಬ್ಬಿ ಹೇಳಿದ್ಲು ಆಂಟಿ. ಆವತ್ತು ಬೈಯಲ್ವಂತೆ."

ಕೇಕಮ್ಮ ಫೋನನ್ನು ಕಿವಿಯಿಂದ ತೆಗೆಯದೆ ತಿರುಗಿದಳು. ಮೇಜಿನ ಆಚೆ ಗುಬ್ಬಿ ಕೇಕಿನ ಡಬ್ಬಿಗಳಿಗೆ ರಿಬ್ಬನ್ನು ಕಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟಿದ್ದಳು.

"ನನ್ನ ನಂಬರು ಎಷ್ಟು ಜನಕ್ಕೆ ಕೊಟ್ಟಿದೀಯ?"

"ಕ್ಲಾಸಿನವರಿಗೆ ಮಾತ್ರ ಅಮ್ಮ."

"ಕ್ಲಾಸಿನವರಿಗೆ ಮಾತ್ರ! ಇಡೀ ಕಾಲೇಜಿನ ಕುಡುಕರಿಗೆಲ್ಲ ನಾನೇನು ಅಮ್ಮನಾ?" ಅಂತ ಕೂಗಿ, ಅದೇ ಉಸಿರಿನಲ್ಲಿ ಫೋನಿಗೆ ಬಾಯಿಟ್ಟಳು. "ನಿನಗಲ್ಲಪ್ಪ ಹೇಳಿದ್ದು. ಅವನು ಕರೆದ್ರೆ ಕಣ್ಣು ಬಿಡ್ತಾನಾ?"

"ಬಿಡ್ತಾನೆ ಆಂಟಿ. ಮಾತೂ ಆಡ್ತಾನೆ. ಈಗ ವಾಂತಿ ಮಾಡ್ದ."

"ಮೈ ತಣ್ಣಗಿದ್ಯಾ? ಮುಟ್ಟಿ ನೋಡು, ಸುಮ್ನೆ ಹೇಳ್ಬೇಡ."

"ಬೆಚ್ಚಗಿದೆ."

"ಉಸಿರು?"

"ಸರಿಯಾಗೇ ಇದೆ ಅನ್ಸುತ್ತೆ."

"ಮಗ್ಗುಲಿಗೆ ಮಲಗಿಸು. ಅಂಗಾತ ಬೇಡ. ಕಾಫಿ ಗೀಫಿ ಕುಡಿಸ್ಬೇಡ, ತಲೆ ಮೇಲೆ ತಣ್ಣೀರು ಸುರೀಬೇಡ, ಬಿಟ್ಟು ಎಲ್ಲೂ ಹೋಗ್ಬೇಡ. ಕರೆದಾಗ ಕಣ್ಣು ಬಿಡ್ಲಿಲ್ಲ, ಉಸಿರು ನಿಧಾನ ಆಯ್ತು, ಮೈ ತಣ್ಣಗಾಯ್ತು ಅಂದ್ರೆ ನನಗಲ್ಲ, ಮೊದಲು ಆಂಬ್ಯುಲೆನ್ಸಿಗೆ ಫೋನ್ ಮಾಡು. ತಿಳೀತಾ? ನೀನು ಕುಡಿದಿದೀಯಾ?"

"...ಸ್ವಲ್ಪ, ಆಂಟಿ."

ಕೇಕಮ್ಮ ಕಣ್ಣು ಮುಚ್ಚಿ ತೆರೆದಳು. ಗಂಡ ಆಗಲೇ ಗುಂಡಿ ಪಕ್ಕಕ್ಕಿಟ್ಟು ವ್ಯಾನಿನ ಕೀ ಹುಡುಕುತ್ತಿದ್ದ. ಗುಬ್ಬಿ ಒಂದು ಬಕೆಟ್ಟು, ಎರಡು ಟವೆಲ್ಲು, ನೀರಿನ ಬಾಟಲಿ ಎತ್ತಿಕೊಂಡು ಬಾಗಿಲಲ್ಲಿ ಸಿದ್ಧವಾಗಿದ್ದಳು.

"ಯಾರದೇ ಫೋನು?" ಅಂದರು ಅತ್ತೆ.

"ಯಾರದೋ ಮಗನದು ಅತ್ತೆ!" ಅಂತ ಅವರ ಕಿವಿಗೆ ಕೂಗಿದಳು ಕೇಕಮ್ಮ. ಓವನ್ನು ಆರಿಸಿದಳು. ಗಾಜಿನಾಚೆ ಅರ್ಧ ಉಬ್ಬಿದ್ದ ಕೇಕು ಅವಳ ಕಣ್ಣೆದುರಿಗೇ ಮೆಲ್ಲಗೆ ನಡುವೆ ತಗ್ಗಿತು. ಅದನ್ನು ನೋಡಿ ಒಂದು ಒಳ್ಳೆಯ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಫೋನಿಗೆ ಹೇಳಿದಳು:

"ಅಳಬೇಡ. ಯಾವ ಬೀದಿ, ಯಾವ ಮನೆ, ಸರಿಯಾಗಿ ಹೇಳು."